ಪುಕ್ಕಲ ಯಾಕೋವ್

ನಾನು ಕಂಡವರಲ್ಲೆಲ್ಲ ಯಾಕೋವ್ ದಿಕ್ ಅವರಷ್ಟು ಹೆದರುವ ಮನುಷ್ಯ ಇನ್ನೊಬ್ಬರಿಲ್ಲ. ನಾಯಿ ಕಂಡರೆ ಭಯ, ನದಿಯ ತೂಗುಸೇತುವೆ ಕಂಡರೆ ಭಯ, ಮೇಲಧಿಕಾರಿ ಕರೆದರೆ ಮೊದಲು ಒಂದು ಲೋಟ ನೀರು ಬೇಕು. ನಮ್ಮ ಗಣಿ ಊರಿನವರು ಅವರನ್ನು ಪುಕ್ಕಲ ಯಾಕೋವ್ ಅಂತಲೇ ಕರೆಯುತ್ತಿದ್ದರು. ಅವರೂ ಓಗೊಡುತ್ತಿದ್ದರು.

ನಾವಿಬ್ಬರೂ ಸಮಾಜ ಕಲ್ಯಾಣ ಕಚೇರಿಯಲ್ಲಿದ್ದೆವು. ಹಾಸಿಗೆ ಬಿಟ್ಟು ಏಳಲಾರದವರ ಮನೆಗೆ ಹೋಗಿ ರೊಟ್ಟಿ, ಔಷಧಿ, ಸೌದೆ ಕೊಟ್ಟು, ಮೈ ಒರೆಸಿ ಬರುವುದು ನಮ್ಮ ಕೆಲಸ. ಜರ್ಮನ್ ಮೂಲದವರೆಂದು ಯಾಕೋವರ ಅಜ್ಜಂದಿರನ್ನು ಯುದ್ಧದ ಕಾಲದಲ್ಲಿ ಈ ಕಿರ್ಗಿಜ್ ಬೆಟ್ಟಗಳಿಗೆ ಗಡೀಪಾರು ಮಾಡಿದ್ದರಂತೆ. ಮನೆಯಲ್ಲಿ ಜರ್ಮನ್ ಮಾತು, ಹೊರಗೆ ನಮ್ಮ ಮಾತು. ಭಾನುವಾರ ಹೆಂಡತಿ ಎರ್ನಾ ಮತ್ತು ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಪ್ರಾರ್ಥನಾ ಮನೆಗೆ ಹೋಗುವುದು ಒಮ್ಮೆಯೂ ತಪ್ಪಿದ್ದಿಲ್ಲ. ನಮ್ಮಂಥ ಮುಸ್ಲಿಮರ ಮನೆಗಳಲ್ಲಿ ಮಾತ್ರ ಅವರು ಧರ್ಮದ ಮಾತೆತ್ತುತ್ತಿರಲಿಲ್ಲ. ಬಾಗಿಲಲ್ಲಿ ಟೋಪಿ ತೆಗೆದು ತುಟಿ ಅಲ್ಲಾಡಿಸಿ ಒಳಗೆ ಹೋಗುತ್ತಿದ್ದರು, ಅಷ್ಟೇ.

ಬೆಟ್ಟದ ಬುಡದ ಕೊನೆಯ ಮನೆಯಲ್ಲಿ ಮಿರ್ಜಾ ಇದ್ದ. ಗಣಿಯಲ್ಲಿ ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅಕ್ಕ ಬಜಾರಿನಲ್ಲಿ ಮೊಸರುಂಡೆ ಮಾರಿ ಸಾಕುತ್ತಿದ್ದಳು. ಯಾಕೋವ್ ಗಡ್ಡ ಹೆರೆಯುವಾಗಲೆಲ್ಲ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏ ಪುಕ್ಕಲ, ಕತ್ತಿ ನಡುಗ್ತಾ ಇದೆಯಲ್ಲೋ! ಕುತ್ತಿಗೆ ಕುಯ್ದುಬಿಟ್ರೆ ನಿನ್ನ ಯೇಸು ಹೊಲಿದು ಕೊಡ್ತಾನಾ?"

"ಮಾತಾಡ್ಬೇಡ ಮಿರ್ಜಾ, ನೀನು ನಕ್ಕರೇ ಕುಯ್ಯೋದು," ಅನ್ನುತ್ತಿದ್ದರು ಯಾಕೋವ್. ಇಬ್ಬರೂ ನಗುತ್ತಿದ್ದರು.

ಆ ವರ್ಷ ಹಿಮ ಕರಗುವ ಮೊದಲೇ ಮಳೆ ಹಿಡಿಯಿತು. ಬೆಟ್ಟದ ನೆತ್ತಿಯಲ್ಲಿ ಬಿರುಕು ಕಾಣಿಸಿತು. ದಿನ ಕಳೆದಂತೆ ಅಗಲವಾಯಿತು. ಬಾವಿಯ ನೀರು ಕೆಂಪಾಯಿತು. ಕುರಿಗಳು ಆ ಕಡೆ ಮೇಯಲು ಒಲ್ಲೆ ಅಂದವು. ಮಾತಿನ ನಡುವೆ ಎಲ್ಲರೂ ತಟ್ಟನೆ ನಿಂತು ಕಿವಿಗೊಡುವುದು ಅಭ್ಯಾಸವಾಯಿತು.

ಬೆಟ್ಟ ಸದ್ದು ಮಾಡಿದ್ದು ಒಂದು ಬೆಳಿಗ್ಗೆ, ನಾವಿಬ್ಬರೂ ರೊಟ್ಟಿ ಹೊತ್ತು ಹೊರಟಿದ್ದಾಗ. ಗುಡುಗಲ್ಲ. ನೆಲದೊಳಗೆ ಯಾರೋ ಭಾರದ ಕಪಾಟು ಎಳೆದ ಹಾಗೆ. ಕಾಲಡಿಯ ಕಲ್ಲುಗಳು ತಾವಾಗಿ ಉರುಳಿದವು. ನಾವು ಕವಲುದಾರಿಯಲ್ಲಿದ್ದೆವು: ಎಡಕ್ಕೆ ಯಾಕೋವರ ಬೀದಿ, ಬಲಕ್ಕೆ ಮಿರ್ಜಾನ ಮನೆ. ಎರಡೂ ಅದೇ ಬೆಟ್ಟದ ಕೆಳಗೆ.

ಅವರ ಮುಖ ಸುಣ್ಣದ ಹಾಗಾಗಿತ್ತು. ಎಡಕ್ಕೆ ಒಂದು ಹೆಜ್ಜೆ ಇಟ್ಟರು. ನಿಂತರು.

"ಬಾಯ್ಕೆ, ನೀವು ಮನೆಗೆ ಓಡಿ," ಅಂದೆ. ಅಣ್ಣನಂಥವರನ್ನು ನಾವು ಹಾಗೆ ಕರೆಯುವುದು. "ಮಕ್ಕಳಿದಾರೆ."

"ಎರ್ನಾಗೆ ಕಾಲಿದೆ ಬುರುಲ್," ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು. "ಮಿರ್ಜಾಗಿಲ್ಲ."

ಬಲಕ್ಕೆ ಓಡಿದೆವು.

ಮಿರ್ಜಾ ಒಬ್ಬನೇ ಇದ್ದ. ಗೋಡೆಯ ಗಾರೆ ಅವನ ಹೊದಿಕೆಯ ಮೇಲೆ ಉದುರುತ್ತಿತ್ತು. ಅಂದು ಅವನು ಗೇಲಿ ಮಾಡಲಿಲ್ಲ. "ಬಿಟ್ಟು ಹೋಗ್ರೋ. ನನ್ನ ಎತ್ತಕ್ಕೆ ನಿಮ್ಮಿಂದಾಗಲ್ಲ."

"ಬಾಯ್ಮುಚ್ಚು!" ಯಾಕೋವ್ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನನ್ನು ನೆಲದ ಉಣ್ಣೆಗಂಬಳಿಯ ಮೇಲೆ ಉರುಳಿಸಿ ಆಳಿಗೊಂದು ಮೂಲೆ ಹಿಡಿದು ಎಳೆದೆವು. ಹೊಸ್ತಿಲಲ್ಲಿ ಅವನ ತಲೆ ಬಡಿಯಿತು. ಅಂಗಳದಲ್ಲಿ ಅವನ ದೈತ್ಯ ನಾಯಿ ಸರಪಳಿ ಜಗ್ಗಿ ಊಳಿಡುತ್ತಿತ್ತು.

"ಅದನ್ನ ಬಿಡ್ರೋ," ಮಿರ್ಜಾ ಗೋಗರೆದ.

ನನ್ನ ಕೈ ಕಂಬಳಿಯಲ್ಲಿತ್ತು. ಯಾಕೋವ್ ನಾಯಿಯ ಕಡೆ ನಡೆದರು, ಬಿಕ್ಕಿ ಅಳುತ್ತಲೇ, ದೇವರನ್ನು ಜರ್ಮನ್ನಿನಲ್ಲಿ ಕೂಗುತ್ತಲೇ. ಅದು ಅವರ ಮುಂಗೈಗೆ ಬಾಯಿ ಹಾಕಿತು. ಅವರು ಕೊಕ್ಕೆ ಬಿಚ್ಚಿದರು.

ನಾವು ಇಳಿಜಾರಿನಿಂದ ಪಕ್ಕದ ಬಂಡೆಯ ದಿಬ್ಬ ಹತ್ತಿದ ಮೇಲೆ ಬೆಟ್ಟ ಬಂತು. ಅದು ಬೀಳಲಿಲ್ಲ, ನಡೆದು ಬಂತು. ಮರಗಳು ನಿಂತಂತೆಯೇ ಜಾರಿ ಬಂದವು. ಮಿರ್ಜಾನ ಮನೆ ಒಮ್ಮೆ ವಾಲಿತು, ಆಮೇಲೆ ಅಲ್ಲಿ ಮನೆಯೇ ಇರಲಿಲ್ಲ. ಕೆಸರು ಯಾಕೋವರ ಬೀದಿಯ ಕಡೆ ತಿರುಗಿದ್ದನ್ನು ನಾವು ಮೂವರೂ ನೋಡಿದೆವು.

ಯಾಕೋವ್ ಓಡಿದರು. ಮಿರ್ಜಾನ ಅಕ್ಕ ಬಂದ ಮೇಲೆ ನಾನೂ ಹೋದೆ. ಯಾಕೋವರ ಮನೆಯ ಚಾವಣಿ ಮಾತ್ರ ಕೆಸರಿನ ಮೇಲಿತ್ತು. ಯಾಕೋವ್ ಬರಿಗೈಯಲ್ಲಿ ಕೆಸರು ತೋಡುತ್ತಿದ್ದರು. ನೆರೆಯವರು ಸಲಿಕೆ ಕೊಟ್ಟರೆ ಅದು ಏನೆಂದೇ ತಿಳಿಯದವರ ಹಾಗೆ ನೋಡಿದರು. ಒಂದು ಪುಟ್ಟ ಬೂಟು ಸಿಕ್ಕಿತು. ಅದನ್ನು ಅಂಗಿಯೊಳಗೆ ಸೇರಿಸಿ ಮತ್ತೆ ತೋಡಿದರು. ಬೀದಿಯ ಕೆಳಗಿನ ನದಿಯ ಎದುರು ದಡದಲ್ಲಿ ಯಾರಿದ್ದಾರೆಂದು ಮಂಜಿನಲ್ಲಿ ಕಾಣುತ್ತಿರಲಿಲ್ಲ, ಸೇತುವೆ ಕೊಚ್ಚಿಹೋಗಿತ್ತು.

ಸಂಜೆಗೆ ಎರ್ನಾ ಬಂದಳು. ಸದ್ದು ಕೇಳುತ್ತಲೇ ಮಕ್ಕಳನ್ನು ಬರಿಗಾಲಲ್ಲೇ ಸೇತುವೆ ದಾಟಿಸಿ ಆಚೆಯ ಗುಡ್ಡ ಹತ್ತಿಸಿದ್ದಳು. ಕೆಳಗಿನ ಊರಿನ ಸೇತುವೆಯಿಂದ ಸುತ್ತಿ ಬರಬೇಕಾಯಿತು. ನಾಲ್ಕೂ ಮಕ್ಕಳು ಹಿಂದೆಯೇ ಇದ್ದವು. ಯಾಕೋವ್ ಮಂಡಿಯೂರಿ ಕುಸಿದರು.

ಎರ್ನಾ ಅವರನ್ನು ಎತ್ತಲಿಲ್ಲ. "ಹತ್ತಿರದಲ್ಲೇ ಇದ್ದೆಯಂತೆ. ಬಾಗಿಲಿಗೆ ಬಂದು ಒಂದು ಕೂಗು ಹಾಕ್ಬಾರದಿತ್ತಾ?"

"ಬಂದಿದ್ರೆ ನಿಮ್ಮನ್ನ ಬಿಟ್ಟು ಹೊರಡೋಕೆ ಆಗ್ತಿರಲಿಲ್ಲ ಎರ್ನಾ."

ಅವಳು ಸೆರಗಿನಂತೆ ಹೊದ್ದಿದ್ದ ಶಾಲು ಬಿಚ್ಚಿ, ನಾಯಿ ಕಚ್ಚಿದ ಕೈಗೆ ಬಿಗಿಯಾಗಿ ಸುತ್ತಿದಳು. ಕ್ಷಮಿಸಿದಳೋ ಇಲ್ಲವೋ, ನಾನು ಕೇಳಿಲ್ಲ.

ನದಿಯಾಚೆ ಯಾಕೋವರಿಗೂ ಮಿರ್ಜಾನಿಗೂ ಹೊಸ ಮನೆ ಆಯಿತು. ಆದರೆ ಮಳೆ ಬಂದಾಗಲೆಲ್ಲ ಯಾಕೋವ್ ಬೂಟು ಹಾಕಿಕೊಂಡೇ ಮಲಗುತ್ತಿದ್ದರಂತೆ. ಮಕ್ಕಳ ಉಸಿರು ಕೇಳುತ್ತಾ ಕೂರುತ್ತಿದ್ದರಂತೆ. ಬೆಳಗಾದರೆ ಅದೇ ಚೀಲ, ಅದೇ ಮನೆಗಳು. ಕೆಲವು ವರ್ಷಗಳ ಮೇಲೆ ಒಂದು ವಸಂತದಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅಂತ್ಯಕ್ರಿಯೆಯ ದಿನ ನೆರೆಯವರು ಮಿರ್ಜಾನನ್ನು ಹೊತ್ತು ಪ್ರಾರ್ಥನಾ ಮನೆಗೆ ತಂದರು. ಅವರ ಹಾಡುಗಳು ಬರದಿದ್ದರಿಂದ ಅವನು ನಮ್ಮ ರೀತಿಯಲ್ಲೇ ಅಂಗೈ ಬಿಡಿಸಿ ಕೂತಿದ್ದ. ಯಾರೂ ಬೇಡವೆನ್ನಲಿಲ್ಲ.

ಈಗ ಆ ಮನೆಗಳಿಗೆ ನಾನೇ ಹೋಗುತ್ತೇನೆ. ಮಳೆ ಹನಿದರೆ ಮಿರ್ಜಾ ನನ್ನ ತೋಳು ಹಿಡಿಯುತ್ತಾನೆ. "ಸ್ವಲ್ಪ ಕೂತ್ಕೋ ಬುರುಲ್." ಕೂರುತ್ತೇನೆ. ಇಬ್ಬರೂ ಬೆಟ್ಟದ ಕಡೆ ಕಿವಿಗೊಟ್ಟು ಚಹಾ ಕುಡಿಯುತ್ತೇವೆ.