ಐರಿಶ್ ತಂಗಿಗೆ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ

ನನ್ನ ತಂಗಿ ನರ್ಸ್. ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದು ಐರ್ಲೆಂಡಿನ ಪ್ರಜೆಯಾದಳು. ಅದಕ್ಕಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಫೋನಿನಲ್ಲಿ ಎಷ್ಟು ಅತ್ತಿದ್ದಳೆಂದು ನನಗೊಬ್ಬಳಿಗೇ ಗೊತ್ತು. ಮುಂದೆ ಅವಳಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಅಷ್ಟರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದಿತ್ತು. ಉಳಿದ ಯುರೋಪಿನವರಿಗೆ ಅಲ್ಲಿ ನೆಲೆಸಲು ಪರವಾನಗಿ ಬೇಕಾಯಿತು. ಐರ್ಲೆಂಡಿನವರಿಗೆ ಬೇಕಿಲ್ಲ, ಎರಡು ನೆರೆದೇಶಗಳ ನಡುವಿನ ಹಳೆಯ ಏರ್ಪಾಡು ಹಾಗೇ ಉಳಿದಿದೆ. ಇದನ್ನೆಲ್ಲ ಓದಿ ತಿಳಿದುಕೊಂಡೇ ಅವಳು ಹೊರಟಿದ್ದಳು.

ಒಂದು ಭಾನುವಾರ ನಾನು ನಾಸಿಕ್‌ನ ಪಂಚವಟಿಯ ಸಂತೆಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದಾಗ ಅವಳ ಫೋನ್ ಬಂತು.

“ಅಕ್ಕಾ, ನನಗ ಮನಿ ಕೊಡಂಗಿಲ್ಲಂತ.”

“ಯಾಕಂತ?”

“ವೀಸಾ ತೋರಸ್ರಿ ಅಂತಾನ ಏಜೆಂಟ. ನಾ ಐರಿಶ್, ನನಗ ಬೇಕಾಗಂಗಿಲ್ಲ ಅಂತ ಪಾಸ್‌ಪೋರ್ಟ್ ತೋರಿಸಿದೆ. ಒಕ್ಕೂಟ ಬಿಟ್ಟ ಮ್ಯಾಲ ಎಲ್ಲಾರೂ ತೋರಸಬೇಕು ಅಂದ. ನನ್ನ ವಾರ್ಡಿನ್ಯಾಗೊಬ್ಬಾಕಿ ಐರಿಶ್ ಹುಡುಗಿ ಅದಾಳ. ಅಕೀಗೆ ಬರೇ ಪಾಸ್‌ಪೋರ್ಟ್ ನೋಡಿ ಅದೇ ಬಿಲ್ಡಿಂಗಿನ್ಯಾಗ ಮನಿ ಕೊಟ್ಟಾನ!”

ಆ ಹುಡುಗಿ ಬಿಳಿಯವಳು. ಅದನ್ನು ತಂಗಿ ಹೇಳಬೇಕಾಗಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಹಿಂದೊಮ್ಮೆ ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಹೋದಾಗ, ಅಲ್ಲಿನ ಚಿಕಲಠಾಣಾ ಬಡಾವಣೆಯಲ್ಲಿ ಮನೆಯ ಮಾಲೀಕರೊಬ್ಬರು “ನೀವು ಇಲ್ಲಿಯವರಲ್ಲ” ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ಅವರು ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದರು. ಈ ಏಜೆಂಟನೋ, ಇಲ್ಲದ ಕಾನೂನನ್ನು ಮುಂದೆ ಮಾಡಿ ಅವಳನ್ನು ಹೊರಗೆ ಹಾಕುತ್ತಿದ್ದ.

ಮನೆಗೆ ಬಂದು ನನ್ನವರಿಗೆ ಹೇಳಿದೆ. “ಬ್ಯಾರೆ ಮನಿ ನೋಡ್ಲಿ ಬಿಡು, ಪರದೇಶದಾಗ ಯಾಕ ಜಗಳಾ?” ಎಂದರು.

“ಯಾಕ ನೋಡಬೇಕ್ರಿ? ಕಾಯ್ದೆ ಅಕೀ ಕಡೆ ಅದ. ಬಣ್ಣಾ ನೋಡಿ ಕಾಯ್ದೆ ಬದಲಾಗತದೇನ್ರಿ?”

ನನಗೆ ಯಾವಾಗಲೂ ಮರಾಠಿಯಲ್ಲೇ ಉತ್ತರಿಸುವ ಮಗಳು ಅಂದು ತಡವರಿಸುತ್ತ ಕನ್ನಡದಲ್ಲಿ ಅಂದಳು: “ಮಾವಶಿ ಬಿಲ್ಕುಲ್ ಬಿಡಬಾರ್ದು.”

ಮಾವಶಿ, ಅಂದರೆ ಅವಳ ಚಿಕ್ಕಮ್ಮ, ಬಿಡಲಿಲ್ಲ. ಮರುದಿನ ಆ ಸಹೋದ್ಯೋಗಿಯನ್ನು ಕರೆದುಕೊಂಡು ಏಜೆಂಟನ ಆಫೀಸಿಗೆ ಹೋದಳು. ಎರಡೂ ಪಾಸ್‌ಪೋರ್ಟ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಇವುಗಳಲ್ಲಿ ವ್ಯತ್ಯಾಸ ಎಲ್ಲಿದೆ ತೋರಿಸಿ ಎಂದಳಂತೆ. ಅವನ ಮುಖ ಕೆಂಪಾಯಿತು. ಒಳಗಿಂದ ಮ್ಯಾನೇಜರ್ ಬಂದು, ಸರಕಾರದ ನಿಯಮವನ್ನು ಕಂಪ್ಯೂಟರಿನಲ್ಲಿ ಓದಿ, “ಏನೋ ಗೊಂದಲವಾಗಿದೆ” ಎಂದರು. ಅಷ್ಟರಲ್ಲಿ ಆ ಮನೆಯನ್ನು ಬೇರೆ ಯಾರಿಗೋ ಕೊಟ್ಟಾಗಿತ್ತು. ರಸ್ತೆಯ ಆಚೆಗಿನ ಇನ್ನೊಂದನ್ನು ತೋರಿಸಿದರು. ಬಿಸಿಲು ಬೀಳದ ಎರಡು ಕೋಣೆ. ಡ್ಯೂಟಿ ಶುರುವಾಗಿತ್ತು, ತಂಗಿ ಒಪ್ಪಿಕೊಂಡಳು. ಏಜೆಂಟನ ಕಂಪನಿಗೆ ದೂರನ್ನೂ ಕೊಟ್ಟಳು. ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ ಎಂದು ಉತ್ತರ ಬಂತು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ.

ಅಂತೂ ಮನೆ ಸಿಕ್ಕಿತಲ್ಲ ಎಂದು ನನ್ನವರು ಪೇಢೆ ತಂದರು. ನಾನು ಮುಟ್ಟಲಿಲ್ಲ.