ಬೀಜದ ಕಾರ್ಖಾನೆಯಲ್ಲಿ ಅಮೆರಿಕದ ಹೆಂಗಸು

ತೊಂಬತ್ತೆಂಟರ ಆಸುಪಾಸಿನಲ್ಲಿ ಎರಡು ವರ್ಷ ನಾನು ಕೋಟೇಶ್ವರದ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಚಿಕ್ಕ ಚೂರಿಯಿಂದ ಬೀಜದ ಸಿಪ್ಪೆ ತೆಗೆಯುತ್ತಿದ್ದೆ. ಬೀಜ ತುಂಡಾದರೆ ಮೇಸ್ತ್ರಿ ಬೈಯುತ್ತಿದ್ದ, ಮಾತಾಡಿದರೆ ಬೈಯುತ್ತಿರಲಿಲ್ಲ. ನನಗೆ ಅಷ್ಟೇ ಸಾಕಿತ್ತು. ಕುಂದಾಪುರದ ಲೈಬ್ರರಿಯಿಂದ ತಂದ, ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ಸಂಜೆ ಓದಿ ಮರುದಿನ ಅಲ್ಲಿ ಹೇಳತೊಡಗಿದೆ.

ಅಮೆರಿಕವನ್ನು ಬ್ರಿಟಿಷರು ಆಳುತ್ತಿದ್ದ ಕಾಲದ ಕಥೆ. ಕಾಡಂಚಿನಲ್ಲಿ ಮನೆ ಕಟ್ಟಿಕೊಂಡಿದ್ದ ಬಿಳಿಯ ಹೆಂಗಸೊಬ್ಬಳನ್ನು ಅಲ್ಲಿನ ಮೂಲನಿವಾಸಿಗಳು ಸೆರೆಹಿಡಿದು ದೂರಕ್ಕೆ ಒಯ್ದಿದ್ದರು. ಅವಳು ತಪ್ಪಿಸಿಕೊಂಡು, ಹೊಳೆಯ ದಂಡೆ ಹಿಡಿದು ಊರ ಕಡೆ ನಡೆಯುತ್ತಿದ್ದಳು.

“ಅವ್ರ್ ಜಾಗಕ್ಕೆ ಈ ಬಿಳಿಯರ್ ಹ್ವಾದ್ದ್ ಎಂತಕ್ಕೆ?” ಎಂದು ಮೊದಲ ದಿನವೇ ಒಬ್ಬರು ಕೇಳಿದರು. ಅದು ಪುಸ್ತಕದಲ್ಲಿರಲಿಲ್ಲ, ನಾನು ಕಥೆ ಮುಂದುವರಿಸಿದೆ.

ವಾರ ಕಳೆಯುವುದರೊಳಗೆ ಎಲ್ಲರಿಗೂ ಕಥೆಯ ಹುಚ್ಚು ಹಿಡಿಯಿತು. ನಾನು ಗೇಟು ದಾಟುವ ಮೊದಲೇ, “ಹ್ವಾಯ್, ಹೆಣ್ಣ್ ಇವತ್ತ್ ಎಲ್ಲಿಗ್ ಬಂತ್?” ಎಂಬ ಕೂಗು. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಹೊಳೆ ದಾಟಲಾರದೆ ನಿಂತ ದಿನ ದೊಡ್ಡ ಜಗಳವೇ ಆಯಿತು. “ಇಳ್ತ ಆಪಲ್ಲಿವರಿಗೆ ಕಾಯ್ಲಿ” ಎಂದರು ಎಲ್ಲರೂ. ಕಡಲ ಬದಿಯ ನಮಗೆ ಹೊಳೆ ಎಂದರೆ ಕಡಲಿನ ಉಬ್ಬರ-ಇಳಿತಕ್ಕೆ ದಿನಕ್ಕೆರಡು ಸಲ ಏರಿ ಇಳಿಯಲೇಬೇಕು. ಅಲ್ಲಿ ಹತ್ತಿರ ಸಮುದ್ರವಿಲ್ಲ ಎಂದರೆ, ನಾನು ಸರಿಯಾಗಿ ಓದಿಲ್ಲ ಎಂದು ನನ್ನನ್ನೇ ಗದರಿಸಿದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸು ಮಾತ್ರ ಯಾವ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಅವರ ಮಗಳನ್ನು ಕೊಕ್ಕರ್ಣೆಯ ಕಡೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಹೊಡೆಯುತ್ತಾನೆಂದು ಆ ವರ್ಷ ಅವಳು ಎರಡು ಸಲ ತವರಿಗೆ ಓಡಿ ಬಂದಿದ್ದಳು. ಎರಡು ಸಲವೂ ಅಕ್ಕ ಅಂಗಳದಿಂದಲೇ ಅವಳನ್ನು ತಿರುಗಿಸಿ ಬಸ್ಸು ಹತ್ತಿಸಿದ್ದರು. ಇದು ನಮಗೆಲ್ಲ ಗೊತ್ತಿತ್ತು, ಅವರೆದುರು ಯಾರೂ ಎತ್ತುತ್ತಿರಲಿಲ್ಲ.

ಕಡೆಗೊಂದು ದಿನ ನನ್ನ ಕಥೆಯ ಹೆಂಗಸು ಊರಿನ ಮೊದಲ ಮನೆಯ ಜೋಳದ ಗದ್ದೆಗೆ ಬಂದು ಬಿದ್ದಳು. ಏಳಲಾರದೆ, ಬಿದ್ದಲ್ಲಿಂದಲೇ ಕೂಗಿದಳು. ಅಷ್ಟರಲ್ಲಿ ಕೆಲಸ ಬಿಡುವ ಗಂಟೆ ಹೊಡೆಯಿತು. ನಾನು ಓದಿದ್ದೂ ಅಲ್ಲಿಯವರೆಗೇ. ಎಲ್ಲರೂ ಎದ್ದರು, ಅಕ್ಕ ಏಳಲಿಲ್ಲ.

“ಹೆಣೆ, ಬಾಗ್ಲ್ ತೆಗ್ದ್ರಾ?” ಎಂದು ಕೇಳಿದರು.

“ತೆಗ್ದ್ರ್ ಅಕ್ಕಾ. ಕೂಗ್ ಕೇಂಡದ್ದೇ ಓಡಿ ಬಂದ್ ತೆಗ್ದ್ರ್” ಎಂದು ಹಸಿಹಸಿ ಸುಳ್ಳು ಹೇಳಿದೆ.

ಮನೆಗೆ ಹೋಗಿ ಚಹಾ ಕೂಡ ಕುಡಿಯದೆ ಓದಿದೆ. ಆ ಮನೆಯವನು ಕೂಗು ಕೇಳಿ ಹೊರಗೆ ಬಂದದ್ದು ಕೋವಿ ಹಿಡಿದು. ಯಾರೋ ಶತ್ರು ಎಂದುಕೊಂಡಿದ್ದ. ದನಿಯ ಗುರುತು ಸಿಕ್ಕಿದ ಮೇಲೆ ಕೋವಿ ಇಳಿಸಿ, ಅವಳನ್ನು ಎತ್ತಿಕೊಂಡು ಒಳಗೆ ಹೋದ.

ಮರುದಿನ ಅಕ್ಕನ ಜಾಗ ಖಾಲಿ. ಮೂರನೆಯ ದಿನ ಬಂದವರ ಹಿಂದೆ ಒಬ್ಬಳು ತೆಳ್ಳನೆಯ ಹುಡುಗಿ, ಕೈಯಲ್ಲಿ ಬಟ್ಟೆಯ ಚೀಲ. “ನನ್ ಮಗಳ್. ಇದ್ಕೂ ಒಂದ್ ಚೂರಿ ಕೊಡಿ” ಎಂದು ಮೇಸ್ತ್ರಿಗೆ ಹೇಳಿ, ಅವಳನ್ನು ನಮ್ಮಿಬ್ಬರ ನಡುವೆ ಕೂರಿಸಿದರು. ಆ ಖುಷಿಯಲ್ಲಿ ನಾನು ಮೂರು ಬೀಜ ತುಂಡು ಮಾಡಿದೆ.

“ಕಥಿ ಸುರುವಿಂದ ಹೇಳ್” ಎಂದರು ಅಕ್ಕ.

ಹೇಳಿದೆ. ಈ ಸಲ ಆ ಮನೆಯವನು ಮೊದಲು ಕೋವಿ ಹಿಡಿದು ಬಂದದ್ದನ್ನೂ ಮುಚ್ಚಿಡಲಿಲ್ಲ.

“ಹೌದ್, ಮೊದ್ಲ್ ಹಾಂಗೇ ಆತ್ತ್” ಎಂದು ಅಕ್ಕ, ಸುಲಿದ ಬೀಜವನ್ನು ಮಗಳ ತಟ್ಟೆಗೆ ಹಾಕಿದರು.