ಅಳಿಯನ ಮೊದಲ ಸೀಟಿ

ಜೂನ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಮೂಡುಬಿದಿರೆ ಬಸ್ ನಿಲ್ದಾಣದ ಟೈಮ್ ಕೀಪರ್ ಗೂಡಿನ ಮುಂದೆ ಮೂವರಿದ್ದೆವು: ಖಾಸಗಿ ಬಸ್ಸುಗಳ ಮ್ಯಾನೇಜರು, ನನ್ನ ತಂಗಿಯ ಮಗ ಮತ್ತು ನಾನು.

ಪಿಂಚಣಿಗೆ ಸ್ವಲ್ಪವೇ ಬಾಕಿಯಿರುವಾಗ ಅಳಿಯ ಸೈನ್ಯ ಬಿಟ್ಟು ಬಂದಿದ್ದ. ಪೂರ್ತಿ ಸೇವೆ ಮುಗಿಸಿದವನು ನಾನು; ಬೇಡವೆಂದು ಫೋನಿನಲ್ಲೇ ಗದರಿದ್ದೆ. "ಮೊದಲ ಮಗು ಹೋದಾಗ ನಾನು ಗಡಿಯಲ್ಲಿದ್ದೆ ಮಾವ. ಈ ಸಲ ಅವಳ ಹತ್ತಿರ ಇರ್ತೇನೆ" ಎಂದ. ಅವನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಮನೆಯ ಹತ್ತಿರ ಸಿಕ್ಕಿದ್ದು, ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಈ ಟೈಮ್ ಕೀಪರ್ ಕೆಲಸ ಮಾತ್ರ. ಅದೂ ನನ್ನ ಮಾತಿನ ಮೇಲೆ.

"ಸಂಜೆವರೆಗೆ ನೋಡುವ" ಎಂದು ಮ್ಯಾನೇಜರು ಸೀಟಿ ಕೊಟ್ಟು ಹೋದರು.

ವಾಮದಪದವು ಊರಿಗೆ ಹೋಗುವ ಬಸ್ಸಿಗೆ ಹೊತ್ತಾದದ್ದೇ ಅಳಿಯ ಸೀಟಿ ಊದಿದ. ರಸ್ತೆಯಾಚೆಯಿಂದ ಶಾಲೆಯ ಬಿಸಿಯೂಟದ ಅಡುಗೆಯವರೊಬ್ಬರು ಓಡಿ ಬರುತ್ತಿದ್ದರು. ದಿನವೂ ಅವರಿಗಾಗಿ ಕಾಯುವ ಡ್ರೈವರ್ ಹೊರಡಲಿಲ್ಲ. ಅಳಿಯ ಮತ್ತೊಮ್ಮೆ ಊದಿ, ಬಸ್ಸಿನ ಬದಿಗೆ ಅಂಗೈಯಿಂದ ಬಡಿದ. ಬಸ್ ಹೋಯಿತು.

"ನಾನು ಬರುವುದು ಕಾಣ್ಲಿಲ್ವಾ ಮಾರಾಯ್ರೆ?"

"ಟೈಮ್ ಆಯ್ತು ಅಕ್ಕ."

"ಬಸ್ ಇರುವುದು ಜನರಿಗಾ, ಗಡಿಯಾರಕ್ಕಾ? ಮಕ್ಕಳ ಅನ್ನ ನೀವು ಬಂದು ಬೇಯಿಸ್ತೀರಾ?"

ಸುದ್ದಿ ಮ್ಯಾನೇಜರಿಗೆ ಮುಟ್ಟಿತು. "ದಿನದ ಗಿರಾಕಿ ನಮ್ಮ ಹಿಂದೆ ಬರುವ ಬೇರೆ ಕಂಪೆನಿಯ ಬಸ್ಸಿಗೆ ಹೋದರೆ ನಮಗೆ ನಷ್ಟ. ತಡ ಮಾಡಿದರೆ ಆ ಬಸ್ಸಿನವರು ಜಗಳಕ್ಕೆ ಬರ್ತಾರೆ. ಎರಡೂ ಆಗ್ಬಾರ್ದು. ಸಂಜೆಯ ಬಸ್ಸಿಗೂ ಹೀಗೇ ಆದರೆ ಬೇರೆಯವರನ್ನು ನೋಡ್ತೇನೆ" ಎಂದರು.

ಮಧ್ಯಾಹ್ನ ಅಳಿಯ ಬುತ್ತಿ ಬಿಚ್ಚದೆ ಕುಳಿತ.

"ಸೈನ್ಯದಲ್ಲಿ ಹೊತ್ತಾದ ಮೇಲೆ ಯಾರಿಗೂ ಗಾಡಿ ನಿಲ್ಲಿಸ್ಲಿಕ್ಕಿಲ್ಲ ಮಾವ."

"ಸರಿ. ಹೊತ್ತಾಗುವ ಮೊದಲೇ ಎಲ್ಲರನ್ನೂ ಎಬ್ಬಿಸಿ ಗಾಡಿ ಹತ್ತಿಸ್ತಿದ್ದವ ಯಾರು?"

ಅವನು ತಲೆಯೆತ್ತಿದ. "ನಾನೇ."

"ಹಾಗಾದರೆ ಊಟ ಮಾಡು."

ಸಂಜೆ, ಬಸ್ಸು ಇನ್ನೂ ಖಾಲಿ ನಿಂತಿರುವಾಗಲೇ ಅವನು ಗೂಡು ಬಿಟ್ಟು ಇಳಿದ. ಹೋಟೆಲಿನ ಬಾಗಿಲು, ಔಷಧದ ಅಂಗಡಿ, ಮೀನು ಮಾರುವ ಹೆಂಗಸರ ಸಾಲು, ಎಲ್ಲ ಕಡೆ ಪರೇಡಿನ ಗಂಟಲಿನಲ್ಲಿ "ವಾಮದಪದವು! ವಾಮದಪದವು!" ಎಂದು ಕೂಗುತ್ತ ನಡೆದ. ಒಬ್ಬರು ಅರ್ಧ ಚಹಾ ಬಿಟ್ಟೆದ್ದರು. "ಇದೆಂತ, ಬಸ್ಸಿಗಾ ಯುದ್ಧಕ್ಕಾ ಕರೆಯುವುದು?" ಎಂದವರೂ ಚೀಲ ಹಿಡಿದು ಹತ್ತಿದರು. ಕೋಲು ಊರಿಕೊಂಡು ಬರುತ್ತಿದ್ದ ಅಜ್ಜಿಯ ಗಂಟನ್ನು ಅವನೇ ಹೊತ್ತು ತಂದ. ಆಮೇಲೆ ಸೀಟಿ ಊದಿದ. ಬಸ್ ಹೊತ್ತಿಗೆ ಸರಿಯಾಗಿ ಹೊರಟಿತು. ಹಿಂದೆ ಓಡುವವರು ಯಾರೂ ಇರಲಿಲ್ಲ.

ಬೇರೊಂದು ಬಸ್ಸಿನಿಂದ ಆಗಷ್ಟೇ ಇಳಿದಿದ್ದ ಅಡುಗೆಯವರು ನಿಂತು ನೋಡುತ್ತಿದ್ದರು. "ಇಷ್ಟು ಸ್ವರ ಉಂಟಲ್ಲ, ಬೆಳಿಗ್ಗೆ ಎಲ್ಲಿ ಇಟ್ಟಿದ್ದಿರಿ?"

"ನಾಳೆ ರಸ್ತೆಗೇ ಬಂದು ಕರೀತೇನೆ ಅಕ್ಕ."

"ಕರೆಯಿರಿ. ಆದರೆ ಅಷ್ಟು ಜೋರು ಬೇಡ, ನಾನು ಹೆದರಿ ಬಿದ್ದೇನು!"

ಸಂಜೆಯ ಬಸ್ಸು ನೋಡಲು ಬಂದಿದ್ದ ಮ್ಯಾನೇಜರು ನಕ್ಕರು. ಗೂಡಿನ ಬೀಗದ ಕೈಯನ್ನು ಅಳಿಯನ ಅಂಗೈಯಲ್ಲಿಟ್ಟು ಹೋದರು.

ಅವನು ಸೀಟಿಯನ್ನು ಒರೆಸಿ ಮೊಳೆಗೆ ತೂಗು ಹಾಕಿದ, ನೆಲ ಗುಡಿಸಿದ. ಹೆಂಡತಿಗೆ ಫೋನ್ ಮಾಡಿ, "ಕೆಲಸ ಉಂಟು. ಈಗ ಬರ್ತೇನೆ" ಎಂದ. ಬಾಗಿಲಿಗೆ ಬೀಗ ಹಾಕಿ, ಭದ್ರವಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದ.